ಫ್ಲೆಕ್ಸ್ ಹುಡುಗರ ಪರವಾಗಿ ಒಂದೆರಡು ಮಾತು

ಆಳಂದದ ಮಾಸ್ತರರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಅಕ್ಟೋಬರ್ 29ರಂದು ನಿಮ್ಮ ಓಣಿಯ ಆಟೋ ಸ್ಟ್ಯಾಂಡಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ದೊಡ್ಡ ಫ್ಲೆಕ್ಸ್ ಕಟ್ಟಿ, ಬೆಳಗಿನಿಂದ ರಾತ್ರಿವರೆಗೆ ಹಾಡು ಹಚ್ಚಿದ್ದರಂತೆ. ‘ಇದು ನೆನಪೋ, ಗದ್ದಲವೋ? ಸಿನಿಮಾದವರಿಗೆ ಇಷ್ಟೆಲ್ಲ, ನಮ್ಮ ಭಾಗದ ದೊಡ್ಡವರಿಗೆ ಏನೂ ಇಲ್ವಾ?’ ಎಂದು ಕೇಳಿದ್ದೀರಿ.

ಸೌಂಡು ಜಾಸ್ತಿಯಾಯಿತು, ಒಪ್ಪಿದೆ. ಆದರೆ ಆ ಹುಡುಗರ ಮೇಲೆ ನಿಮ್ಮ ಸಿಟ್ಟೂ ಸ್ವಲ್ಪ ಜಾಸ್ತಿಯೇ ಆಯಿತು. 2021ರಲ್ಲಿ ತೀರಿಕೊಂಡಾಗ ಪುನೀತ್‌ಗೆ ಬರೀ 46 ವರ್ಷ. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. 2006ರಲ್ಲಿ ತಂದೆ ರಾಜ್‌ಕುಮಾರ್ ಹೋದಾಗಲೂ ಕಣ್ಣು ದಾನವಾಗಿತ್ತು. ಪುನೀತ್ ಹೋದ ಮೇಲಂತೂ ನೇತ್ರದಾನಕ್ಕೆ ಹೆಸರು ಬರೆಸುವವರು ರಾಜ್ಯದಲ್ಲಿ ಒಮ್ಮೆಲೇ ಹೆಚ್ಚಿದರು. ಬರೀ ಭಾಷಣದಿಂದ ಅಷ್ಟು ಜನರನ್ನು ಎಬ್ಬಿಸುವುದು ಎಷ್ಟು ಕಷ್ಟ ಅಂತ ಮಾಸ್ತರಿಕೆ ಮಾಡಿದ ನಿಮಗೆ ಗೊತ್ತೇ ಇದೆ.

ನಿಮ್ಮ ಎರಡನೇ ಮಾತು ಮಾತ್ರ ಚುಚ್ಚಿತು. ಕಲಬುರಗಿಯಲ್ಲಿ ನಾಟಕವೋ, ಸನ್ಮಾನವೋ, ಶಾಲೆಯ ಗ್ಯಾದರಿಂಗೋ ಇದ್ದರೆ ‘ಪಂಡಿತ ರಂಗಮಂದಿರಕ್ಕೆ ಬರ್ರಿ’ ಅಂತೇವೆ. ಯಾರು ಆ ಪಂಡಿತರು? ಎಸ್.ಎಂ. ಪಂಡಿತ್, 1916ರಲ್ಲಿ ಇದೇ ಊರಲ್ಲಿ ಹುಟ್ಟಿದ ಚಿತ್ರಕಾರ. ಮುಂಬೈಗೆ ಹೋಗಿ ಹಿಂದಿ ಸಿನಿಮಾಗಳ ಪೋಸ್ಟರ್ ಬರೆದರು. ಪುರಾಣದ ದೇವರುಗಳನ್ನು ಬರೆದರು. ಅವು ಕ್ಯಾಲೆಂಡರಾಗಿ ಮನೆಮನೆಯ ಗೋಡೆಗೆ ಬಂದವು. 1993ರಲ್ಲಿ ತೀರಿಕೊಂಡರು. ತಮಾಷೆ ನೋಡಿ, ನಟನಟಿಯರ ಮುಖವನ್ನು ಊರೂರಿಗೆ ಮುಟ್ಟಿಸಿದವರ ಹೆಸರು ನಮ್ಮ ಬಾಯಲ್ಲಿ ಬರೀ ವಿಳಾಸ! ಇದಕ್ಕೆ ಆಟೋ ಹುಡುಗರು ಕಾರಣರಲ್ಲ. ಕಟ್ಟಡಕ್ಕೆ ಹೆಸರಿಟ್ಟರೆ ಮುಗಿಯಿತು ಅಂದುಕೊಂಡವರು ಓದಿದ ಮಂದಿ.

ಹಾಗಂತ ಎಲ್ಲ ಸರಿಯಾಗಿ ತಿಳಿದು ನೆನೆದರೆ ಮಾತ್ರ ನೆನಪು ಅಂತಲೂ ನಾನು ಹೇಳಲಾರೆ. ಬೀದರ್ ಪಕ್ಕದ ಅಷ್ಟೂರನ್ನೇ ನೋಡಿ. ಬಹಮನಿ ಸುಲ್ತಾನ ಅಹಮದ್ ಶಾ 1436ರಲ್ಲಿ ತೀರಿಕೊಂಡ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ಒಯ್ದವನು, ವಿಜಯನಗರದ ಮೇಲೆ ದಂಡೆತ್ತಿ ಹೋದವನು. ಜನ ಕೈಮುಗಿಯುವುದು ಆ ದೊರೆಗಲ್ಲ, ವಲಿಗೆ, ಅಂದರೆ ಸಂತನಿಗೆ. ಅವನ ಗೋರಿಯ ಜಾತ್ರೆಗೆ ಮುಸ್ಲಿಮರೂ ಬರುತ್ತಾರೆ, ಲಿಂಗಾಯತರೂ ಬರುತ್ತಾರೆ. ಎಷ್ಟೋ ಜನರಿಗೆ ಅವನು ಅಲ್ಲಮಪ್ರಭು! ಇತಿಹಾಸ ಹೇಳಿದ ನೀವು ತಲೆ ಚಚ್ಚಿಕೊಳ್ಳಬಹುದು. ನನಗಂತೂ ಖುಷಿ. ಆರುನೂರು ವರ್ಷದ ಹತ್ತಿರ ಬಂದರೂ ಜನ ತಮಗೆ ಬೇಕಾದ ಅಹಮದ್ ಶಾನನ್ನು ಬಿಟ್ಟುಕೊಟ್ಟಿಲ್ಲ. ಅವನ ಯುದ್ಧಗಳಲ್ಲಿ ಸತ್ತವರನ್ನು ಆ ಜಾತ್ರೆ ನೆನೆಯುವುದಿಲ್ಲ ಅನ್ನುವುದೂ ನಿಜವೇ. ಆ ಲೆಕ್ಕ ಬರೆದಿಡುವುದು ನಿಮ್ಮಂಥವರ, ನಮ್ಮಂಥವರ ಕೆಲಸ.

ಅದಕ್ಕೇ ಕೇಳುತ್ತಿದ್ದೇನೆ: ಪಂಡಿತರ ಬಗ್ಗೆ ನೀವೇ ಒಂದು ಲೇಖನ ಬರೆದುಕೊಡಿ. ಕವನ ಬೇಡ. ಯಾರೇ ಹೋದರೂ ‘ಬಾನಿನ ತಾರೆಯೇ’ ಅಂತ ಶುರುವಾಗುವ ಕವನಗಳು ನನ್ನ ಮೇಜಿನ ತುಂಬ ಬಿದ್ದಿವೆ. ಹಾಗೇ ಸ್ಟ್ಯಾಂಡಿಗೆ ಹೋಗಿ, ಪುನೀತ್ ನಿಮಗೆ ಯಾಕೆ ಬೇಕು ಅಂತ ಆ ಹುಡುಗರನ್ನೂ ಕೇಳಿ ಬನ್ನಿ. ಅವರು ಹೇಳಿದ್ದನ್ನು ತಿದ್ದದೆ ಬರೆಯಿರಿ. ಎರಡೂ ಹಾಕುತ್ತೇನೆ.

– ಸಂಪಾದಕ