ಆನ್‌ಲೈನ್‌ನಲ್ಲಿ ಹಳೆ ಸೀರೆ ಮಾರಲು ಹಾಕಿದರೆ ಎಲ್ಲರೂ ಅರ್ಧ ಬೆಲೆಗೇ ಏಕೆ ಕೇಳುತ್ತಾರೆ?

ಕೊಳ್ಳುವವರಿಗೆ ಮುಟ್ಟಿ ನೋಡಲು ಆಗುವುದಿಲ್ಲ, ಅದಕ್ಕೇ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಾವು ಹಣ್ಣನ್ನು ಒತ್ತಿ ನೋಡಿಯೇ ಚೌಕಾಸಿ ಮಾಡುತ್ತೇವೆ, ಅಲ್ವಾ? ಫೋಟೋದಲ್ಲಿ ಕಲೆ, ಸವೆತ, ಮಡಿಕೆಯಲ್ಲಿ ಬಿಟ್ಟ ಸೀಳು ಸರಿಯಾಗಿ ಕಾಣುವುದಿಲ್ಲ. ಏನೋ ದೋಷ ಇರಬಹುದು ಎಂಬ ಆ ಅನುಮಾನವನ್ನೇ ಅವರು ಬೆಲೆಯಿಂದ ಕಳೆಯುತ್ತಾರೆ. ಹಾಗಾಗಿ ಚೆನ್ನಾಗಿರುವ ಸೀರೆಗೂ ಹಾಳಾದದ್ದರ ಬೆಲೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲೋಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದ್ದು ಇದನ್ನೇ.

ನೀವು ಸುಮ್ನೆ ಬೆಲೆ ಇಳಿಸಲು ಹೋಗಬೇಡಿ. ಮೈಸೂರು ಸಿಲ್ಕ್ ಆದರೆ ಕೆಎಸ್‌ಐಸಿ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಸೀರೆಯ ಗುರುತಿನ ಸಂಖ್ಯೆ, ಜರಿ ಅಂಚು, ಬಿಲ್ ಎಲ್ಲದರ ಫೋಟೋ ಹಾಕಿ. ಕಲೆ ಇದ್ದರೆ ಅದನ್ನೂ ಹತ್ತಿರದಿಂದ ತೋರಿಸಿ, ಮುಚ್ಚಿಡಬೇಡಿ. ಊರಿನವರೇ ಕೇಳಿದರೆ ಬಂದು ಸೆರಗು ಹಿಡಿದು ನೋಡಲಿ, ಆಮೇಲೆ ಬೆಲೆ ಮಾತಾಡಿ.