ಅಕ್ಕನಿಗಿಲ್ಲದ ಬಿಪಿ ತಮ್ಮನಿಗೆ ಯಾಕೆ?

ನೀವು ಕೇಳಿದ್ದು: ನಿಮಗೆ 38 ವರ್ಷ, ಬಿಪಿ 138/88. ಅಕ್ಕನಿಗೆ 41, ಅವರದು 112/72. ಅಪ್ಪ ಅಮ್ಮ ಒಬ್ಬರೇ, ಊಟವೂ ಒಂದೇ. ಹಾಗಾದರೆ ಹೆಂಗಸರಿಗೆ ಬಿಪಿ ಬರುವುದೇ ಇಲ್ಲವಾ?

ಬರುತ್ತದೆ, ಆದರೆ ಸಾಮಾನ್ಯವಾಗಿ ತಡವಾಗಿ. ಅರವತ್ತೈದು ದಾಟಿದವರಲ್ಲಿ ನೋಡಿದರೆ ಹೆಂಗಸರೇ ಮುಂದೆ.

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಪದರವಿದೆ. ಈಸ್ಟ್ರೋಜೆನ್ (ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಹೆಚ್ಚಿರುವ ಹಾರ್ಮೋನು) ಇದ್ದಾಗ ಆ ಪದರ ನೈಟ್ರಿಕ್ ಆಕ್ಸೈಡ್ ಜಾಸ್ತಿ ಬಿಡುತ್ತದೆ. ಈ ಅನಿಲ ಉಳಿಯುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಪಕ್ಕದ ಸ್ನಾಯುವನ್ನು ಸಡಿಲಿಸಿ ನಾಳವನ್ನು ಹಿಗ್ಗಿಸುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ನರಗಳ ಪಾತ್ರ. ನಾಳ ಬಿಗಿಯಲು ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಹರೆಯದ ಗಂಡಸರಲ್ಲಿ ನರ ಚುರುಕಾದಷ್ಟೂ ನಾಳದ ಬಿಗಿತ ಹೆಚ್ಚು. ಹರೆಯದ ಹೆಂಗಸರಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ, ಏಕೆಂದರೆ ಅವರ ನಾಳದ ಬೀಟಾ ರಿಸೆಪ್ಟರ್‌ಗಳು (ಇಂಥ ರಾಸಾಯನಿಕಗಳ ಸಂದೇಶ ಹಿಡಿಯುವ ಗ್ರಾಹಕಗಳು) ಅದೇ ಹೊತ್ತಿಗೆ ನಾಳವನ್ನು ಹಿಗ್ಗಿಸುತ್ತವೆ. ಪ್ರೊಪ್ರನೊಲಾಲ್ ಎಂಬ ಔಷಧ ಕೊಟ್ಟು ಆ ರಿಸೆಪ್ಟರ್‌ಗಳನ್ನು ತಡೆದರೆ ಹೆಂಗಸರ ನಾಳವೂ ಗಂಡಸರದರಂತೆಯೇ ಬಿಗಿಯುತ್ತದೆ. ಮುಟ್ಟು ನಿಂತ ಮೇಲೆ ಈ ಆಸರೆ ತಾನಾಗಿ ಕುಗ್ಗುತ್ತದೆ, ಉಪ್ಪು ತಿಂದರೆ ಬಿಪಿ ಏರುವುದೂ ಹೆಚ್ಚುತ್ತದೆ.

ಹಾಗಂತ ಈಸ್ಟ್ರೋಜೆನ್ ಮಾತ್ರೆ ನುಂಗಿದರೆ ಬಿಪಿ ಇಳಿಯುವುದಿಲ್ಲ. ಬಾಯಿಂದ ಹೋದದ್ದು ಮೊದಲು ಯಕೃತ್ತಿಗೆ ಸೇರುತ್ತದೆ. ಅಲ್ಲಿ ಆಂಜಿಯೋಟೆನ್ಸಿನೋಜೆನ್ ಎಂಬ ಪ್ರೋಟೀನಿನ ತಯಾರಿ ಏರುತ್ತದೆ. ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ 2 ನಾಳವನ್ನು ಬಿಗಿಯುತ್ತದೆ, ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಯಿಂದ ಕೆಲವರ ಬಿಪಿ ಏರುವುದು ಹೀಗೆ. ಶುರುಮಾಡುವ ಮುಂಚೆಯೂ ಆಮೇಲೂ ಅಳೆಯಬೇಕು.

ಅಕ್ಕನನ್ನು ಒಂದು ಮಾತು ಕೇಳಿ: ಬಸಿರಿನಲ್ಲಿ 20 ವಾರದ ನಂತರ ಬಿಪಿ 140/90 ಮುಟ್ಟಿತ್ತಾ? ಹೌದಾದರೆ, ಹೆರಿಗೆಯಾದ ಮೇಲೆ ಇಳಿದಿದ್ದರೂ, ಮುಂದೆ ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆ ಅವರಿಗೆ ಹೆಚ್ಚು. ಈ ಪ್ರಶ್ನೆಯನ್ನು ಎಷ್ಟೋ ಕಡೆ ಯಾರೂ ಕೇಳುವುದೇ ಇಲ್ಲ, ದಯವಿಟ್ಟು ನೀವು ಮರೆಯಬೇಡಿ. ವರ್ಷಕ್ಕೊಮ್ಮೆ ಅಳೆಸಲಿ.

ಬಿಪಿ ಇಳಿಸುವ ಮಾತ್ರೆಗಳೂ ಗಂಡಸರಿಗೂ ಹೆಂಗಸರಿಗೂ ಒಂದೇ ಥರ ಆಗಿಬರುವುದಿಲ್ಲ. ಎನಲಾಪ್ರಿಲ್ ಥರದವುಗಳಿಂದ ಒಣಕೆಮ್ಮು, ಆಮ್ಲೋಡಿಪಿನ್‌ನಿಂದ ಕಾಲೂತ, ಥಯಾಜೈಡ್‌ನಿಂದ ಸೋಡಿಯಂ ಇಳಿತ ಹೆಂಗಸರಲ್ಲೇ ಹೆಚ್ಚು. ಎನಲಾಪ್ರಿಲ್, ಟೆಲ್ಮಿಸಾರ್ಟನ್ ಬಸುರಿಯರಿಗೆ ಕೂಡದು.

ಇನ್ನು ನಿಮ್ಮ 138/88. ಒಂದೇ ಸಲದ್ದಾದರೆ ಅದನ್ನೇ ನೆಚ್ಚಬೇಡಿ. ಬಿಪಿ ಯಂತ್ರದ ತೋಳುಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಮಟ್ಟದಲ್ಲಿಟ್ಟು ಅಳೆಯಿರಿ. ಬೆಳಿಗ್ಗೆ ಎರಡು, ಸಂಜೆ ಎರಡು, ನಡುವೆ ಒಂದು ನಿಮಿಷ ಬಿಡಿ. ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ಅಂಕಿಗಳನ್ನು ಬರೆದ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.