ಗೆದ್ದವರೇ ಆಳಿದರೆ ಸಾಲದೇ?

ಮಾನ್ಯರೇ,

ಲೆಬನಾನ್ ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರದ ತಿರುಳು ಇದು: ಜನಾಂಗ, ಧರ್ಮಗಳ ಲೆಕ್ಕದಲ್ಲಿ ಅಧಿಕಾರ ಹಂಚುವುದೆಂದರೆ ಒಡಕಿಗೇ ಕಾನೂನಿನ ಮುದ್ರೆ ಒತ್ತಿದಂತೆ, ಎಲ್ಲರಿಗೂ ಒಂದೊಂದು ಓಟು ಕೊಟ್ಟು ಗೆದ್ದವರು ಆಳಲಿ ಎಂದರೆ ಸಾಲದೇ? ತಮ್ಮ ಆತಂಕ ನನ್ನದೂ ಹೌದು. ಪರಿಹಾರವನ್ನು ಮಾತ್ರ ಒಪ್ಪಲಾರೆ.

ಬಹುಮತದ ಆಳ್ವಿಕೆ ನ್ಯಾಯವೆನಿಸುವುದು ಇಂದು ಸೋತವರು ನಾಳೆ ಗೆಲ್ಲಬಹುದೆಂಬ ಭರವಸೆ ಇರುವಲ್ಲಿ. ಹುಟ್ಟಿದ ಸಮುದಾಯವೇ ಓಟನ್ನು ನಿರ್ಧರಿಸುವಲ್ಲಿ ಆ ಭರವಸೆ ಇರುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ 1921ರಿಂದ 1972ರವರೆಗೆ ಚುನಾವಣೆಗಳು ನಡೆಯುತ್ತಲೇ ಇದ್ದರೂ ಸರ್ಕಾರ ರಚಿಸಿದ್ದು ಪ್ರತಿ ಬಾರಿಯೂ ಬಹುಸಂಖ್ಯಾತ ಪ್ರಾಟೆಸ್ಟೆಂಟರ ಬೆಂಬಲದ ಒಂದೇ ಪಕ್ಷ. ಶ್ರೀಲಂಕಾದಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿದ 1956ರ ಕಾಯ್ದೆಯೂ ಸಂಸತ್ತಿನಲ್ಲಿ ಕ್ರಮಬದ್ಧವಾಗಿ, ಬಹುಮತದಿಂದಲೇ ಅಂಗೀಕಾರವಾಯಿತು. ಸರ್ಕಾರಿ ಕಚೇರಿಯ ತಮಿಳು ಗುಮಾಸ್ತನಿಗೆ ಅದು ಮುಟ್ಟಿದ್ದು, ಸಿಂಹಳ ಕಲಿ, ಇಲ್ಲವೇ ಬಡ್ತಿಯ ಆಸೆ ಬಿಡು ಎಂಬ ಆಜ್ಞೆಯಾಗಿ. ಮುಂದೆ 1983ರಿಂದ 2009ರವರೆಗೆ ನಡೆದ ಯುದ್ಧಕ್ಕೆ ಕಾರಣಗಳು ಹಲವು; ಆದರೆ ಈ ಕಾಯ್ದೆ ಬಿತ್ತಿದ ಅಪನಂಬಿಕೆಯನ್ನು ಬದಿಗಿಟ್ಟು ಆ ಯುದ್ಧವನ್ನು ವಿವರಿಸಲಾಗದು.

ಹಾಗಾಗಿ ಹಂಚಿಕೆ ಬೇಕು. ಕೇಡಿರುವುದು ಅದನ್ನು ಬದಲಾಯಿಸಲು ಬಾರದಂತೆ ಬಿಗಿಯುವುದರಲ್ಲಿ. ಲೆಬನಾನಿನ 1943ರ ಒಪ್ಪಂದದಂತೆ ಅಧ್ಯಕ್ಷರು ಮಾರೊನೈಟ್ ಕ್ರೈಸ್ತರು, ಪ್ರಧಾನಿ ಸುನ್ನಿ ಮುಸ್ಲಿಮರು. ಸಂಸತ್ತಿನಲ್ಲಿ ಪ್ರತಿ ಐದು ಮುಸ್ಲಿಂ ಸ್ಥಾನಗಳಿಗೆ ಆರು ಕ್ರೈಸ್ತ ಸ್ಥಾನಗಳು. ಇದಕ್ಕೆ ಆಧಾರ 1932ರ ಜನಗಣತಿ. ಎಣಿಸಿದರೆ ಪಾಲು ಏರುಪೇರಾದೀತೆಂಬ ಭಯದಿಂದ ಆಮೇಲೆ ಗಣತಿಯನ್ನೇ ನಡೆಸಿಲ್ಲ. ಸ್ಥಾನಗಳು ಸಮಪಾಲಾಗಲು 1975ರಲ್ಲಿ ಶುರುವಾದ ಅಂತರ್ಯುದ್ಧ ಮತ್ತು ಅದನ್ನು ಮುಗಿಸಲೆಂದು ಆದ 1989ರ ತಾಯಿಫ್ ಒಪ್ಪಂದ ಬೇಕಾದವು.

ನನ್ನನ್ನು ಹೆಚ್ಚು ಕಾಡುವುದು ಬೋಸ್ನಿಯಾ. ಸಮುದಾಯಗಳ ನಡುವಿನ ಯುದ್ಧವನ್ನು ಮುಗಿಸಿದ 1995ರ ಡೇಟನ್ ಒಪ್ಪಂದ ಅಲ್ಲಿ ಕೊಲೆಗಳನ್ನು ನಿಲ್ಲಿಸಿತು; ಅದೇನು ಸಣ್ಣ ಸಾಧನೆಯಲ್ಲ. ಆದರೆ ಅದರಡಿ ಮೂವರ ಅಧ್ಯಕ್ಷ ಮಂಡಳಿಗೆ ಒಬ್ಬ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ ಸಮುದಾಯದವರು), ಒಬ್ಬ ಕ್ರೊಯೇಟ್, ಒಬ್ಬ ಸರ್ಬ್ ಮಾತ್ರ ಆಯ್ಕೆಯಾಗಬಲ್ಲರು. ಯಹೂದಿ ಸಮುದಾಯದ ಯಾಕೊಬ್ ಫಿನ್ಸಿ ಸ್ವಿಟ್ಜರ್ಲೆಂಡಿನಲ್ಲಿ ಬೋಸ್ನಿಯಾದ ರಾಯಭಾರಿಯಾಗಿದ್ದವರು. ಹೊರದೇಶದಲ್ಲಿ ತನ್ನ ದೇಶವನ್ನು ಪ್ರತಿನಿಧಿಸಬಲ್ಲ ಅವರು ಅದರ ಅಧ್ಯಕ್ಷ ಮಂಡಳಿಯ ಚುನಾವಣೆಗೆ ನಿಲ್ಲುವಂತಿರಲಿಲ್ಲ. ರೊಮಾ ಸಮುದಾಯದ ದೆರ್ವೊ ಸೇದಿಚ್ ಅವರೂ ಅಷ್ಟೇ. ಇದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರ ಡಿಸೆಂಬರಿನಲ್ಲಿ ತೀರ್ಪಿತ್ತು ದಶಕ ಕಳೆದರೂ ಸಂವಿಧಾನ ತಿದ್ದುಪಡಿಯಾಗಲಿಲ್ಲ, ಏಕೆಂದರೆ ತಿದ್ದಬೇಕಾದವರು ಆ ನಿಯಮದಿಂದಲೇ ಅಧಿಕಾರ ಪಡೆದವರು.

ಪಾಲು ನಿಗದಿ ಮಾಡದೆಯೂ ಸಮುದಾಯಗಳನ್ನು ಹತ್ತಿರ ತರುವ ದಾರಿಗಳಿವೆ. ನೈಜೀರಿಯಾದಲ್ಲಿ ಅಧ್ಯಕ್ಷರಾಗಲು ಅತಿ ಹೆಚ್ಚು ಓಟು ಪಡೆದರಷ್ಟೇ ಸಾಲದು, ಕನಿಷ್ಠ ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಶೇ. 25ರಷ್ಟಾದರೂ ಓಟು ಬರಬೇಕು. ಇದರಿಂದ ಅಲ್ಲಿ ಹಿಂಸೆ ನಿಂತಿಲ್ಲವೆಂಬುದು ನಿಜವಾದರೂ, ಮುಸ್ಲಿಮರು ಹೆಚ್ಚಿರುವ ಉತ್ತರದ ಅಭ್ಯರ್ಥಿ ಕ್ರೈಸ್ತರು ಹೆಚ್ಚಿರುವ ದಕ್ಷಿಣಕ್ಕೆ ಹೋಗಿ ಓಟು ಕೇಳಲೇಬೇಕಾಗುತ್ತದೆ.

ಹೀಗೆಂದು ಬೋಸ್ನಿಯಾದಲ್ಲಾಗಲಿ ಲೆಬನಾನಿನಲ್ಲಾಗಲಿ ಪಾಲನ್ನು ಒಮ್ಮೆಲೇ ರದ್ದುಮಾಡಿ ಎಂದು ನಾನು ಹೇಳುವುದಿಲ್ಲ. ಆ ಪಾಲನ್ನೇ ನೆಚ್ಚಿಕೊಂಡು ಆಯುಧ ಕೆಳಗಿಟ್ಟವರಿಗೆ ಅದು ದ್ರೋಹವಾದೀತು. ಇಂತಿಷ್ಟು ವರ್ಷಗಳಿಗೊಮ್ಮೆ ಮರುಪರಿಶೀಲಿಸುವ ಷರತ್ತು ಮತ್ತು ಯಾವ ಗುಂಪಿಗೂ ಸೇರದವರಿಗೆ ಸ್ಪರ್ಧಿಸುವ ಹಕ್ಕು, ಇವೆರಡು ಒಪ್ಪಂದಕ್ಕೆ ಸಹಿ ಬೀಳುವ ದಿನವೇ ಅದರೊಳಗಿರಬೇಕು.

– ಸಂಪಾದಕ